ಅಂತರ್ಜಾಲ: ಮನೆಮಂದಿ ತಿಳಿಯಬೇಕಾದ ಕೆಲವು ಮಾತುಗಳು

ಮನೆಗೆ ಹೊಸ ವಸ್ತುವೊಂದು ಬಂದರೆ ಅದರ ಬೆನ್ನ ಹಿಂದೆಯೇ ಹೊಸ ಮಾತುಗಳ ಒಂದು ಮೆರವಣಿಗೆಯೂ ಬರುತ್ತದೆ. ರೇಡಿಯೋ ಬಂದ ಕಾಲದಲ್ಲಿಯೂ ಹೀಗೆಯೇ ಆಯಿತು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರಕ್ಕೆ 'ಆಕಾಶವಾಣಿ' ಎಂಬ ಹೆಸರು ದೊರೆಯಿತು. ಮುಂದೆ ಭಾರತದ ಬಾನುಲಿ ಸಂಸ್ಥೆಯೇ ಆ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ಬಾನುಲಿ, ನಿಲಯ, ಪ್ರಸಾರ, ತರಂಗಾಂತರ ಎಂಬ ಮಾತುಗಳು ಆಗ ಕಿವಿಗೆ ಹೊಸವು. ಇಂದು ಹೊಲದ ಬದುವಿನ ಮೇಲೆ ರೇಡಿಯೋ ಇಟ್ಟುಕೊಂಡು ಕಳೆ ಕೀಳುವವರಿಗೂ ಅವು ಮನೆಮಾತುಗಳೇ ಆಗಿವೆ.

ಈಗ ಅಂತರ್ಜಾಲದ ಸರದಿ. ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸಗಾರನ ಸಂಬಳ ಬ್ಯಾಂಕಿನ ಖಾತೆಗೆ ಸೇರುತ್ತದೆ. ಸೇರಿದ ಸುದ್ದಿ ಮೊಬೈಲಿಗೆ ಬರುತ್ತದೆ. ಸಂಡೂರಿನಲ್ಲಿ ಸೊಪ್ಪು ಮಾರುವಾಕೆಯ ಬುಟ್ಟಿಯ ಪಕ್ಕದಲ್ಲಿ ಕಪ್ಪುಬಿಳುಪು ಚೌಕದ ಹಲಗೆಯೊಂದು ನಿಂತಿದೆ. ಕಂಪ್ಲಿಯ ಭತ್ತದ ಗದ್ದೆಯವರು ತಮ್ಮ ಪಹಣಿಯನ್ನು ಪರದೆಯ ಮೇಲೆ ನೋಡುತ್ತಾರೆ. ಹೊಸಪೇಟೆಯ ನಿವೃತ್ತರು ಪಿಂಚಣಿಯ ಲೆಕ್ಕವನ್ನು ಅದೇ ಅಂಗೈಯಗಲದ ಯಂತ್ರದಲ್ಲಿ ಇಟ್ಟಿದ್ದಾರೆ. ವಸ್ತು ಬಂದಿದೆ, ಬಳಕೆಯೂ ಬಂದಿದೆ. ಮಾತುಗಳ ಅರ್ಥ ಮಾತ್ರ ಹಲವರಿಗೆ ಇನ್ನೂ ಬಂದಿಲ್ಲ. 'ಅದನ್ನೆಲ್ಲ ಮೊಮ್ಮಗ ನೋಡಿಕೊಳ್ಳುತ್ತಾನೆ' ಎಂದು ಹಿರಿಯರು ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗುತ್ತಾರೆ.

ಹೀಗೆ ಸುಮ್ಮನಾಗುವುದು ತರವಲ್ಲ. ಏಕೆಂದರೆ ರೇಡಿಯೋದ ಮಾತುಗಳಿಗೂ ಅಂತರ್ಜಾಲದ ಮಾತುಗಳಿಗೂ ಒಂದು ದೊಡ್ಡ ಭೇದವುಂಟು. 'ತರಂಗಾಂತರ'ದ ಅರ್ಥ ತಿಳಿಯದೆ ಹೋದರೂ ಕೇಳುಗನಿಗೆ ನಷ್ಟವೇನೂ ಇಲ್ಲ. ಗುಂಡಿ ತಿರುವಿದರೆ ಹಾಡು ಬರುತ್ತದೆ. ನಿಲಯದಿಂದ ಮನೆಗೆ ಬರುವುದುಂಟೇ ಹೊರತು ಮನೆಯಿಂದ ನಿಲಯಕ್ಕೆ ಏನೂ ಹೋಗುವುದಿಲ್ಲ. ನೀವು ಯಾರು, ಎಲ್ಲಿ ಕುಳಿತಿರಿ, ಯಾವ ಹಾಡಿಗೆ ತಲೆದೂಗಿದಿರಿ ಎಂಬುದನ್ನು ರೇಡಿಯೋ ಪೆಟ್ಟಿಗೆ ಅರಿಯದು. ಅಂತರ್ಜಾಲವಾದರೋ ಹೋಗುವುದಕ್ಕೂ ಬರುವುದಕ್ಕೂ ತೆರೆದ ಬೀದಿ. ಅಲ್ಲಿ ನೀವು ಬೆರಳಿಟ್ಟಾಗಲೆಲ್ಲ ಏನೋ ಒಂದು ನಿಮ್ಮ ಕಡೆಗೆ ಬರುತ್ತದೆ, ಏನೋ ಒಂದು ನಿಮ್ಮಿಂದ ಹೊರಗೆ ಹೋಗುತ್ತದೆ. ಆದಕಾರಣ ಹೊಸ ಮಾತೊಂದು ಎದುರಾದಾಗಲೆಲ್ಲ 'ಇದರಿಂದ ನನಗೆ ಬರುವುದೇನು, ನನ್ನಿಂದ ಹೋಗುವುದೇನು?' ಎಂದು ಕೇಳಿಕೊಳ್ಳಿರಿ. ಈ ಲೇಖನದಲ್ಲಿ ಬರುವ ಮಾತುಗಳನ್ನೆಲ್ಲ ಈ ಒಂದೇ ಪ್ರಶ್ನೆಯ ಬೆಳಕಿನಲ್ಲಿ ನೋಡೋಣ.

ಮೊದಲು 'ಅಂತರ್ಜಾಲ' ಎಂಬ ಹೆಸರನ್ನೇ ಬಿಡಿಸಿ ನೋಡಿರಿ. ಜಾಲವೆಂದರೆ ಬಲೆ. 'ಅಂತರ್' ಎಂಬ ಸಂಸ್ಕೃತದ ಅವ್ಯಯಕ್ಕೆ ಒಳಗೆ, ನಡುವೆ ಎಂಬ ಎರಡು ಅರ್ಥಗಳುಂಟು. ಇಲ್ಲಿ ಹಿಡಿಯಬೇಕಾದುದು ನಡುವೆ ಎಂಬ ಅರ್ಥವನ್ನು. 'ಅಂತರಜಾಲ' ಎಂದು ಬರೆಯುವವರೂ ಇದ್ದಾರೆ. ಎರಡೂ ಬಳಕೆಯಲ್ಲಿವೆ, ಎರಡರಿಂದಲೂ ಇಂಟರ್‌ನೆಟ್ ಎಂದೇ ತಿಳಿಯತಕ್ಕದ್ದು. ಒಂದು ಕಚೇರಿಯ ಗಣಕಯಂತ್ರಗಳನ್ನು ತಂತಿಯಿಂದ ಹೆಣೆದರೆ ಅದೊಂದು ಬಲೆ. ಒಂದು ವಿಶ್ವವಿದ್ಯಾಲಯದ ಯಂತ್ರಗಳನ್ನು ಹೆಣೆದರೆ ಮತ್ತೊಂದು ಬಲೆ. ಇಂಥ ಸಾವಿರಾರು ಬಲೆಗಳನ್ನು ಒಂದಕ್ಕೊಂದು ಗಂಟುಹಾಕಿದ ಬಲೆಗಳ ಬಲೆಯೇ ಅಂತರ್ಜಾಲ. ಇದಕ್ಕೆ ಒಬ್ಬ ಒಡೆಯನಿಲ್ಲ, ಒಂದು ಊರಿಲ್ಲ.

ಇದರ ಹುಟ್ಟು ೧೯೬೯ರ ಅಕ್ಟೋಬರ್ ೨೯ಕ್ಕೆ ಹೋಗುತ್ತದೆ. ಅಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಗಣಕಯಂತ್ರದಿಂದ ಸ್ಟ್ಯಾನ್‌ಫರ್ಡಿನ ಸಂಶೋಧನಾಲಯದ ಗಣಕಯಂತ್ರಕ್ಕೆ ಮೊದಲ ಸಂದೇಶ ಹೋಯಿತು. ಬೇರೆ ಬೇರೆ ಬಲೆಗಳು ಪರಸ್ಪರ ಮಾತನಾಡಬೇಕಾದರೆ ಎಲ್ಲಕ್ಕೂ ಒಂದೇ ವ್ಯಾಕರಣ ಬೇಕಷ್ಟೆ? ೧೯೮೩ರ ಜನವರಿ ೧ರಿಂದ ಆ ಬಲೆ ಅಂಥ ಒಂದು ಸಮಾನ ವ್ಯಾಕರಣವನ್ನು ಒಪ್ಪಿಕೊಂಡಿತು. ಈ ವ್ಯಾಕರಣಕ್ಕೇ 'ಪ್ರೋಟೋಕಾಲ್' ಎಂದು ಹೆಸರು. ಭಾರತದ ಸಾರ್ವಜನಿಕರಿಗೆ ಅಂತರ್ಜಾಲದ ಬಾಗಿಲು ತೆರೆದದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಅಂತರ್ಜಾಲವೆಲ್ಲ ಆಕಾಶದಲ್ಲಿದೆ ಎಂದು ಹಲವರ ಭಾವನೆ. ಅದು ಸರಿಯಲ್ಲ. ನಿಮ್ಮ ಮೊಬೈಲಿನಿಂದ ಊರಿನ ಗೋಪುರದವರೆಗೆ ಮಾತ್ರ ಸುದ್ದಿ ಗಾಳಿಯಲ್ಲಿ ಹೋಗುತ್ತದೆ. ಅಲ್ಲಿಂದ ಮುಂದೆ ಅದರ ಪ್ರಯಾಣ ಬಹುಪಾಲು ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಲ್ಲಿ, ಬೆಳಕಿನ ಮಿಣುಕಿನ ರೂಪದಲ್ಲಿ. ಈ ಗಾಜಿನ ಎಳೆಗಳ ಕೇಬಲ್ಲುಗಳು ರಸ್ತೆಯ ಬದಿಯಲ್ಲಿ, ರೈಲು ಹಳಿಗಳ ಪಕ್ಕದಲ್ಲಿ ನೆಲದೊಳಗೆ ಹೋಗಿವೆ. ದೇಶದಿಂದ ದೇಶಕ್ಕೆ ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್ಲುಗಳುಂಟು. ಮುಂಬಯಿ, ಚೆನ್ನೈಗಳ ಕಡಲತೀರದಲ್ಲಿ ಅವು ನಮ್ಮ ನೆಲವನ್ನು ಏರುತ್ತವೆ.

ಈ ದಾರಿಯಲ್ಲಿ ಸರಕು ಹೇಗೆ ಸಾಗುತ್ತದೆ? ನಮ್ಮ ತೋರಣಗಲ್ಲು ಜಂಕ್ಷನ್ನನ್ನು ನೆನೆಯಿರಿ. ಬಳ್ಳಾರಿ ಹೊಸಪೇಟೆಗಳ ನಡುವಿನ ಹಳಿಯಿಂದ ರಣಜಿತಪುರದ ಕಡೆಗೆ ಒಂದು ಕವಲು ಇಲ್ಲಿ ಒಡೆಯುತ್ತದೆ. ಅದಿರಿನ ವ್ಯಾಗನ್ನುಗಳು ಸಾಲುಗಟ್ಟಿ ಹಾದುಹೋಗುತ್ತವೆ. ಒಂದು ಗುಡ್ಡದ ಅದಿರನ್ನು ಒಂದೇ ಸಲಕ್ಕೆ ಹೊರಲಾಗದು. ವ್ಯಾಗನ್ನುಗಳಲ್ಲಿ ತುಂಬಿ ಕಳುಹಿಸುತ್ತಾರೆ. ಅಂತರ್ಜಾಲವೂ ಹಾಗೆಯೇ. ದುಬಾಯಿಯಲ್ಲಿರುವ ಮಗನಿಗೆ ನೀವು ಮೂರು ಮೆಗಾಬೈಟಿನ ಒಂದು ಚಿತ್ರ ಕಳುಹಿಸಿದಿರಿ ಎನ್ನಿರಿ. ಅದು ಎರಡು ಸಾವಿರಕ್ಕೂ ಮಿಕ್ಕ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿಯೊಂದರ ಮೇಲೂ ಕಳುಹಿಸಿದವರ ವಿಳಾಸ, ಸೇರಬೇಕಾದವರ ವಿಳಾಸ, ಸಾಲಿನ ಸಂಖ್ಯೆ ಇರುತ್ತವೆ. ಈ ಪೊಟ್ಟಣವೇ 'ಪ್ಯಾಕೆಟ್'. ಕವಲಿನಲ್ಲಿ ನಿಂತು ಪ್ರತಿಯೊಂದು ಪೊಟ್ಟಣವನ್ನೂ ಸರಿಯಾದ ದಾರಿಗೆ ಹತ್ತಿಸುವ ಯಂತ್ರ 'ರೂಟರ್'. ವ್ಯಾಗನ್ನುಗಳಿಗಿಲ್ಲದ ಒಂದು ಸ್ವಾತಂತ್ರ್ಯ ಈ ಪೊಟ್ಟಣಗಳಿಗುಂಟು: ಒಂದು ದಾರಿ ಮುಚ್ಚಿದ್ದರೆ ಇನ್ನೊಂದನ್ನು ಹಿಡಿದು, ಹಿಂದುಮುಂದಾಗಿ ಬಂದು ಸೇರುತ್ತವೆ. ಅಲ್ಲಿಯ ಯಂತ್ರ ಸಂಖ್ಯೆ ನೋಡಿ ಅವನ್ನು ಮತ್ತೆ ಜೋಡಿಸುತ್ತದೆ. ಒಂದು ಕಳೆದುಹೋಗಿದ್ದರೆ 'ಇಂತಿಷ್ಟನೆಯದು ಬರಲಿಲ್ಲ, ಪುನಃ ಕಳುಹಿಸು' ಎನ್ನುತ್ತದೆ. ಇಷ್ಟೆಲ್ಲವೂ ಕೆಲವೇ ಕ್ಷಣಗಳಲ್ಲಿ ನಡೆದುಹೋಗುತ್ತದೆ.

ಪೊಟ್ಟಣದ ಮೇಲಿರುವ ವಿಳಾಸಕ್ಕೆ 'ಐ.ಪಿ. ವಿಳಾಸ' ಎಂದು ಹೆಸರು. ಅದು ಬರಿಯ ಅಂಕಿಗಳ ಸಾಲು. ಕೇಳಿದವರಿಗೆ ಕೇಳಿದ್ದನ್ನು ಕೊಡಲೆಂದು ಹಗಲಿರುಳೂ ಎಚ್ಚರವಾಗಿರುವ ಗಣಕಯಂತ್ರ 'ಸರ್ವರ್'. ಕನ್ನಡದಲ್ಲಿ ಬಡಿಸುವ ಯಂತ್ರವೆಂದರೂ ನಡೆದೀತು. ಆ ಯಂತ್ರದಲ್ಲಿ ಓದಲು, ನೋಡಲು ಅಣಿಗೊಳಿಸಿಟ್ಟ ಪುಟಗಳ ಗುಂಪು 'ಜಾಲತಾಣ'. ಪುಟವನ್ನು ತರಿಸಿ ನಿಮ್ಮ ಪರದೆಯ ಮೇಲೆ ಬಿಡಿಸಿ ತೋರಿಸುವ ಸಾಧನ 'ಬ್ರೌಸರ್'. ಒಂದು ಪುಟದಿಂದ ಇನ್ನೊಂದಕ್ಕೆ ಹಾಯಿಸುವ ಮಾತಿನ ಕೊಂಡಿ 'ಲಿಂಕ್'. ಈ ಕೊಂಡಿಗಳಿಂದ ಪುಟಗಳನ್ನೆಲ್ಲ ಹೆಣೆಯುವ ಯೋಜನೆಯನ್ನು ೧೯೮೯ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಮುಂದಿಟ್ಟರು; ೧೯೯೩ರಲ್ಲಿ ಆ ಸಂಸ್ಥೆ ಅದನ್ನು ಜಗತ್ತಿಗೆಲ್ಲ ಉಚಿತವಾಗಿ ಬಿಟ್ಟುಕೊಟ್ಟಿತು. ಇದೇ 'ವರ್ಲ್ಡ್ ವೈಡ್ ವೆಬ್'. ಅಂತರ್ಜಾಲವೆಂದರೆ ಹಳಿ, ವೆಬ್ ಎಂದರೆ ಅದರ ಮೇಲೆ ಓಡುವ ಹಲವು ಗಾಡಿಗಳಲ್ಲಿ ಒಂದು; ಮಿಂಚಂಚೆ ಇನ್ನೊಂದು ಗಾಡಿ. ಎಲ್ಲಿ ಏನಿದೆ ಎಂದು ಹುಡುಕಿಕೊಡುವುದು 'ಶೋಧಯಂತ್ರ'. ಅದು ತಾನೇ ಬಲ್ಲ ಪಂಡಿತನಲ್ಲ. ಗ್ರಂಥಾಲಯದ ಅಕಾರಾದಿಯಂತೆ, ಯಾವ ಪುಸ್ತಕ ಎಲ್ಲಿದೆ ಎಂದು ತೋರಿಸುವ ಸಹಾಯಕ. ಅದು ಮೊದಲಿಗೆ ತೋರಿಸುವ ಸಾಲುಗಳಲ್ಲಿ ಹಣ ಕೊಟ್ಟವರ ಜಾಹೀರಾತುಗಳೂ ಇರುತ್ತವೆಂಬುದನ್ನು ಮರೆಯಬೇಡಿರಿ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು ಅಲ್ಲಿ ಹುಡುಕುವುದಕ್ಕಿಂತ ನಿಮ್ಮ ಪಾಸ್‌ಪುಸ್ತಕದ ಮೇಲೆ ಅಚ್ಚಾದದ್ದನ್ನು ನೋಡುವುದು ಲೇಸು.

ಇದೆಲ್ಲ ಇಂಗ್ಲಿಷ್ ಬಲ್ಲವರ ಸೊತ್ತು ಎಂದು ಹಿಂಜರಿಯುವವರುಂಟು. ಅವರಿಗೆ ಒಂದು ಮಾತು. ಗಣಕಯಂತ್ರಕ್ಕೆ ಇಂಗ್ಲಿಷೂ ತಿಳಿಯದು, ಕನ್ನಡವೂ ತಿಳಿಯದು. ಅದಕ್ಕೆ ತಿಳಿಯುವುದು ಅಂಕಿ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿದ ಪಟ್ಟಿಗೆ 'ಯೂನಿಕೋಡ್' ಎಂದು ಹೆಸರು. ೧೯೯೧ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆ ಪಟ್ಟಿಯಲ್ಲಿ ನಮ್ಮ 'ಕ'ಕಾರದ ಸಂಖ್ಯೆ ೩೨೨೧. ತೋರಣಗಲ್ಲಿನಲ್ಲಿ ಒತ್ತಿದ 'ಕ' ಟೋಕಿಯೋದಲ್ಲಿಯೂ 'ಕ' ಆಗಿಯೇ ಕಾಣುವುದು ಇದರಿಂದಲೇ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆಯನ್ನು ರೂಪಿಸಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಎಂಬ ವಿಶ್ವಕೋಶ ತೊಡಗಿತು. ಹೀಗಾಗಿ ನೀವು ಕೇಳಬೇಕಾದುದನ್ನು ಕನ್ನಡದಲ್ಲಿಯೇ ಬರೆದು ಕೇಳಬಹುದು. ಬಾಯಿಂದ ಹೇಳಿದರೂ ಯಂತ್ರ ಬರೆದುಕೊಳ್ಳುತ್ತದೆ.

ಇನ್ನು ಜಾಲತಾಣದ ಹೆಸರು. ಇದನ್ನು ಓದುವ ಕ್ರಮವನ್ನು ಪ್ರತಿಯೊಬ್ಬರೂ ಕಲಿಯಬೇಕು. ಮೋಸಗಳಲ್ಲಿ ಎಷ್ಟೋ ಈ ಹೆಸರಿನಲ್ಲಿಯೇ ಅಡಗಿರುತ್ತವೆ. ಇದಕ್ಕೆ ನಮ್ಮ ವ್ಯಾಕರಣವೇ ದಾರಿ ತೋರುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥ ಪ್ರಧಾನವೆಂದು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಅರಸನ ಮನೆ ಅರಮನೆ. ಅದು ಮನೆಯೇ ಹೊರತು ಅರಸನಲ್ಲ. ತೋರಣದ ಕಲ್ಲು ತೋರಣಗಲ್ಲು. ಪದದ ಮಟ್ಟಿಗೆ ಅದು ಕಲ್ಲೇ ಹೊರತು ತೋರಣವಲ್ಲ. ಜಾಲತಾಣದ ಹೆಸರಿಗೂ ಇದೇ ನ್ಯಾಯ. ಕೊನೆಯ ಪದವೇ ಯಜಮಾನ. ಆದ್ದರಿಂದ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಪಹಣಿ ನೋಡುವ ತಾಣ 'ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಕೊನೆಯ 'ಇನ್' ಎಂದರೆ ಭಾರತ. ಅದರ ಹಿಂದಿನ 'ಗವ್' ಎಂದರೆ ಸರ್ಕಾರ. ಅದರ ಹಿಂದೆ ನಮ್ಮ ರಾಜ್ಯ. ಎಲ್ಲಕ್ಕೂ ಮೊದಲು ಭೂದಾಖಲೆ. 'ಗವ್ ಡಾಟ್ ಇನ್' ಎಂದು ಮುಗಿಯುವ ಹೆಸರನ್ನು ನಮ್ಮ ದೇಶದಲ್ಲಿ ಸರ್ಕಾರದ ಸಂಸ್ಥೆಗಳಿಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಬ್ಯಾಂಕುಗಳಿಗೂ ಇಂಥ ಗುರುತೊಂದು ಬಂದಿದೆ: ತಮ್ಮ ತಾಣಗಳ ಹೆಸರು 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವಂತೆ ೨೦೨೫ರ ಅಕ್ಟೋಬರ್ ೩೧ರೊಳಗೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ಆಜ್ಞೆ ಮಾಡಿತು. ಮೋಸಗಾರನಾದರೋ ಸರ್ಕಾರದ ಅಥವಾ ಬ್ಯಾಂಕಿನ ಹೆಸರನ್ನು ಮೊದಲಿಗೆ ದೊಡ್ಡದಾಗಿ ಇಟ್ಟು, ಕೊನೆಗೆ ತನ್ನದೇ ಒಂದು ಹೆಸರನ್ನೂ 'ಡಾಟ್ ಕಾಮ್' ಎಂಬ ಬಾಲವನ್ನೂ ಅಂಟಿಸುತ್ತಾನೆ. ಎಡದಿಂದ ಓದುವವನು ಮೋಸಹೋಗುತ್ತಾನೆ. ಉತ್ತರಪದವನ್ನು ನೋಡುವವನು ಬದುಕಿಕೊಳ್ಳುತ್ತಾನೆ. ಹೆಸರಿನ ನಂತರ ಒಂದು ಓರೆಗೆರೆ ಬಂದರೆ ಹೆಸರು ಅಲ್ಲಿಗೆ ಮುಗಿಯಿತು. ಅದರಾಚೆ ಏನು ಬರೆದಿದ್ದರೂ ಗಣನೆಗೆ ತರಬೇಡಿರಿ.

ಹೆಸರಿಗಿಂತ ಮೊದಲು 'ಎಚ್ ಟಿ ಟಿ ಪಿ ಎಸ್' ಎಂಬ ಅಕ್ಷರಗಳನ್ನೋ ಸಣ್ಣ ಬೀಗದ ಚಿತ್ರವನ್ನೋ ಕಾಣುವಿರಿ. ನಿಮ್ಮ ಪೊಟ್ಟಣಗಳು ದಾರಿಯಲ್ಲಿ ಯಾರೂ ಓದದಂತೆ ಮೊಹರಾಗಿ ಹೋಗುತ್ತವೆಂಬುದೇ ಅದರ ಅರ್ಥ. ಬೀಗವಿಲ್ಲದಲ್ಲಿ ಗುಟ್ಟನ್ನು ಬರೆಯಲೇಬಾರದು. ಆದರೆ ಬೀಗವಿದ್ದಮಾತ್ರಕ್ಕೆ ಆಚೆಯವನು ಸಜ್ಜನನೆಂದಾಗದು. ಕಳ್ಳನಿಗೆ ಬರೆದ ಕಾಗದವನ್ನೂ ಲಕೋಟೆಯಲ್ಲಿ ಅಂಟಿಸಿ ಕಳುಹಿಸಬಹುದಷ್ಟೆ.

ಈಗ ಬರುವುದು ಹೋಗುವುದರ ಲೆಕ್ಕಕ್ಕೆ ಬರೋಣ. ಜಾಲದಿಂದ ನಿಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು 'ಡೌನ್‌ಲೋಡ್'. ನಿಮ್ಮ ಯಂತ್ರದಿಂದ ಜಾಲಕ್ಕೆ ಏರಿಸುವುದು 'ಅಪ್‌ಲೋಡ್'. ಹಾಡು, ಚಿತ್ರ, ಪುಸ್ತಕಗಳನ್ನು ಇಳಿಸಿಕೊಂಡರೆ ಅವು ಬಂದು ಸುಮ್ಮನೆ ಕುಳಿತಿರುತ್ತವೆ. ಆದರೆ 'ಆಪ್' ಎಂಬುದು ಕೆಲಸ ಮಾಡುವ ಆಳು. ಮನೆಯೊಳಗೆ ಬಂದಮೇಲೆ ಕೈಕಾಲು ಆಡಿಸುತ್ತದೆ. ಅಪರಿಚಿತರು ಲಗ್ನಪತ್ರಿಕೆಯೆಂದು ಕಳುಹಿಸಿದ ಕಡತವನ್ನು ಒತ್ತಿದರೆ ಪತ್ರಿಕೆಗೆ ಬದಲು ಇಂಥ ಆಳೊಂದು ಒಳಸೇರಿ, ಬ್ಯಾಂಕಿನಿಂದ ಬಂದ ಸಂದೇಶಗಳನ್ನು ಓದಿ ಹೊರಗೆ ಸಾಗಿಸಿದ ಪ್ರಕರಣಗಳು ನಡೆದಿವೆ. ಆಪ್ ಬೇಕಾದರೆ ಮೊಬೈಲಿನಲ್ಲಿ ಮೊದಲೇ ಇರುವ ಆಪ್ ಅಂಗಡಿಯಿಂದಲೇ ತೆಗೆದುಕೊಳ್ಳಿರಿ. ಸಂದೇಶದಲ್ಲಿ ಬಂದುದನ್ನು ಮುಟ್ಟಬೇಡಿರಿ.

ಜಾಲದ ವೇಗವನ್ನು ತಿಳಿಯಲು ನಮ್ಮ ಕಾಲುವೆಗಳ ಉಪಮಾನ ಸಾಕು. ವಿಜಯನಗರದರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳು ಇಂದಿಗೂ ಹಂಪಿ ಹೊಸಪೇಟೆಗಳ ಸುತ್ತಿನ ಬಾಳೆ ಕಬ್ಬುಗಳಿಗೆ ನೀರುಣಿಸುತ್ತಿವೆ. ಕಾಲುವೆಯ ಅಗಲಕ್ಕೆ ತಕ್ಕಷ್ಟು ನೀರು ಹರಿಯುವಂತೆ ಸಂಪರ್ಕದ ಅಗಲಕ್ಕೆ ತಕ್ಕಷ್ಟು ಮಾಹಿತಿ ಹರಿಯುತ್ತದೆ. ಆ ಅಗಲವೇ 'ಬ್ಯಾಂಡ್‌ವಿಡ್ತ್'. ಹತ್ತು ತೂಬು ಒಟ್ಟಿಗೆ ತೆರೆದರೆ ಪ್ರತಿ ಗದ್ದೆಗೂ ನೀರು ಸಣ್ಣದಾಗುವಂತೆ ಸಂಜೆಯ ಹೊತ್ತು ಊರೆಲ್ಲ ಚಿತ್ರ ನೋಡತೊಡಗಿದರೆ ವೇಗ ಇಳಿಯುತ್ತದೆ. ಜಾಹೀರಾತಿನವರು ವೇಗವನ್ನು 'ಬಿಟ್'ಗಳಲ್ಲಿ ಹೇಳುತ್ತಾರೆ. ಕಡತದ ಗಾತ್ರವನ್ನು ಅಳೆಯುವುದು 'ಬೈಟ್'ಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಸೆಕೆಂಡಿಗೆ ೪೦ ಮೆಗಾಬಿಟ್ ಎಂದರೆ ಇಳಿಯುವುದು ೫ ಮೆಗಾಬೈಟು. ೧೦೦ ಮೆಗಾಬೈಟಿನ ಕಡತಕ್ಕೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಈ ಲೆಕ್ಕ ಗೊತ್ತಿದ್ದರೆ ಸಂಪರ್ಕ ಮಾರುವವನೊಡನೆ ಮಾತನಾಡಲು ಅಂಜಿಕೆಯಿಲ್ಲ.

'ವೈ-ಫೈ' ಎಂಬುದನ್ನು ಹಲವರು ಅಂತರ್ಜಾಲವೆಂದೇ ತಿಳಿದಿದ್ದಾರೆ. ಅದು ಮನೆಯ ಪೆಟ್ಟಿಗೆಯಿಂದ ಮನೆಯೊಳಗಿನ ಯಂತ್ರಗಳಿಗೆ ಇರುವ ತಂತಿಯಿಲ್ಲದ ಕೊನೆಯ ಹೆಜ್ಜೆ ಮಾತ್ರ. ಹೊರಗಿನ ಕೇಬಲ್ ಕಡಿದಿದ್ದರೆ ವೈ-ಫೈ ಗುರುತು ಪೂರ್ಣವಾಗಿದ್ದೂ ಜಾಲ ಬಾರದು. ಅದು ಬಳಸುವುದೂ ರೇಡಿಯೋ ಅಲೆಗಳನ್ನೇ; ನಿಮ್ಮ ಎಫ್. ಎಂ. ನಿಲಯಗಳು ೮೮ರಿಂದ ೧೦೮ ಮೆಗಾಹರ್ಟ್ಸಿನೊಳಗೆ ಇದ್ದರೆ ಸಾಮಾನ್ಯ ವೈ-ಫೈ ೨೪೦೦ ಮೆಗಾಹರ್ಟ್ಸಿನ ಆಸುಪಾಸಿನಲ್ಲಿದೆ. ನಿಲ್ದಾಣಗಳಲ್ಲಿ, ಹೋಟೆಲುಗಳಲ್ಲಿ ದೊರೆಯುವ ಬಿಟ್ಟಿ ವೈ-ಫೈಯಲ್ಲಿ ಸುದ್ದಿ ಓದಿರಿ, ಹಾಡು ಕೇಳಿರಿ; ಹಣದ ವ್ಯವಹಾರ ಬೇಡ.

'ಕ್ಲೌಡ್' ಎಂದರೆ ಮೋಡ. ಹೆಸರು ಕಾವ್ಯಮಯ, ವಸ್ತು ಮಾತ್ರ ಮಣ್ಣಿನದು: ಯಾವುದೋ ಊರಿನ ತಂಪು ಕಟ್ಟಡದಲ್ಲಿ ಸಾಲಾಗಿ ಕುಳಿತ ಇನ್ನೊಬ್ಬರ ಗಣಕಯಂತ್ರಗಳು. ನಿಮ್ಮ ಚಿತ್ರಗಳು ಮೋಡದಲ್ಲಿವೆಯೆಂದರೆ ಅಲ್ಲಿವೆಯೆಂದು ಅರ್ಥ. ಮೊಬೈಲು ಕಳೆದರೂ ಚಿತ್ರ ಉಳಿಯುವುದು ಅದರ ಲಾಭ. ಗುಟ್ಟು ಬೇರೆಯವರ ಮನೆಯಲ್ಲಿದೆ ಎಂಬುದು ಅದರ ಎಚ್ಚರಿಕೆ. 'ಕುಕಿ' ಎಂಬುದು ತಿನ್ನುವ ಬಿಸ್ಕತ್ತಲ್ಲ. ನೀವು ಹಿಂದೆ ಬಂದು ಹೋದಿರೆಂದು ನೆನಪಿಡಲು ತಾಣವು ನಿಮ್ಮ ಯಂತ್ರದಲ್ಲಿಯೇ ಇಟ್ಟುಹೋಗುವ ಸಣ್ಣ ಚೀಟಿ. ನೀವು ಸೀರೆ ನೋಡಿದ ಮರುದಿನ ಹೋದಲ್ಲೆಲ್ಲ ಸೀರೆಯ ಜಾಹೀರಾತು ಎದುರಾಗುವುದು ಬಹುಮಟ್ಟಿಗೆ ಇಂಥ ಚೀಟಿಗಳ ಮಹಿಮೆ.

ಇನ್ನುಳಿದವು ಗುಟ್ಟಿನ ಮಾತುಗಳು. ಮನೆಯ ಹಣಕ್ಕೆ ಸಂಬಂಧಿಸಿದವು. 'ಪಾಸ್‌ವರ್ಡ್' ಎಂದರೆ ನಿಮ್ಮ ಖಾತೆಯ ಬೀಗದ ಕೈ. ಹುಟ್ಟಿದ ದಿನ, ಮಗುವಿನ ಹೆಸರು ಊಹೆಗೆ ಸುಲಭ. ಸಂಬಂಧವಿಲ್ಲದ ನಾಲ್ಕಾರು ಪದಗಳ ಸಾಲು ನೆನಪಿಗೂ ಸುಲಭ, ಊಹೆಗೆ ಕಷ್ಟ. 'ಓಟಿಪಿ' ಎಂದರೆ ಒಂದೇ ಸಲ ಬಳಸುವ ಕೈ. ಬಾಗಿಲು ತೆರೆಯಲು ಬಂದವನು ನೀವೇ ಹೌದೆ ಎಂದು ಪರೀಕ್ಷಿಸಲು ನಿಮ್ಮ ಮೊಬೈಲಿಗೆ ಕಳುಹಿಸುವ ಅಂಕಿ. ಅದನ್ನು ಇನ್ನೊಬ್ಬರಿಗೆ ಓದಿ ಹೇಳಿದರೆ ಬಾಗಿಲು ತೆರೆಯುವುದು ಅವರಿಗೆ. ಬ್ಯಾಂಕಿನವರೆಂದು ಹೇಳಿಕೊಂಡು ಕರೆಮಾಡಿ ಓಟಿಪಿ ಕೇಳುವವರು ಯಾರೇ ಇರಲಿ, ಅವರು ಬ್ಯಾಂಕಿನವರಲ್ಲ.

ಸೊಪ್ಪಿನಾಕೆಯ ಹಲಗೆಯ ಮೇಲಿನ ಚೌಕ 'ಕ್ಯೂಆರ್ ಕೋಡ್'. ೧೯೯೪ರಲ್ಲಿ ಜಪಾನಿನಲ್ಲಿ ಮೋಟಾರು ಭಾಗಗಳ ಲೆಕ್ಕವಿಡಲು ಹುಟ್ಟಿದ ಈ ಗುರುತು ಚಿತ್ರರೂಪದ ಒಂದು ವಿಳಾಸ. ಹಣ ಎಲ್ಲಿಗೆ ಹೋಗಬೇಕೆಂಬುದನ್ನು ತಿಳಿಸುತ್ತದೆ. ೨೦೧೬ರಲ್ಲಿ ನಮ್ಮ ದೇಶದಲ್ಲಿ ಬಂದ 'ಯುಪಿಐ' ಎಂಬ ವ್ಯವಸ್ಥೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಆ ಹಣವನ್ನು ಆಗಿಂದಾಗಲೇ ಸಾಗಿಸುತ್ತದೆ. ಅದಕ್ಕೆ ನಿಮ್ಮ ಒಪ್ಪಿಗೆಯ ಮುದ್ರೆ 'ಪಿನ್'. ಇಲ್ಲಿ ನಮ್ಮ ಮೊದಲಿನ ಪ್ರಶ್ನೆಯನ್ನು ನೆನೆಯಿರಿ. ಹಣ ನಿಮ್ಮಿಂದ ಹೋಗುವಾಗ ಸಾಮಾನ್ಯವಾಗಿ ಪಿನ್ ಬೇಕು. ಉಳಿದ ಮೊತ್ತ ನೋಡುವಾಗಲೂ ಬೇಕು. ನಿಮಗೆ ಹಣ ಬರುವಾಗ ಪಿನ್ ಬೇಕಿಲ್ಲ. 'ಹಳೆಯ ಮಂಚವನ್ನು ಕೊಳ್ಳುತ್ತೇನೆ, ಹಣ ಕಳುಹಿಸಿದ್ದೇನೆ, ಬರಮಾಡಿಕೊಳ್ಳಲು ಪಿನ್ ಒತ್ತಿ' ಎಂದು ಯಾರಾದರೂ ಅಂದರೆ ಅವನು ನಿಮ್ಮ ಕೈಯಿಂದಲೇ ನಿಮ್ಮ ಪೆಟ್ಟಿಗೆಯನ್ನು ತೆಗೆಸುತ್ತಿದ್ದಾನೆ. ಈ ಒಂದು ವಾಕ್ಯವನ್ನು ಮನೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ: ಬರುವ ಹಣಕ್ಕೆ ಪಿನ್ ಇಲ್ಲ.

ಮತ್ತೊಂದು ಭಯಂಕರವಾದ ಮಾತು 'ಡಿಜಿಟಲ್ ಅರೆಸ್ಟ್'. ಪೊಲೀಸರ ಉಡುಪು ತೊಟ್ಟವನೊಬ್ಬ ಪರದೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಅಪರಾಧ ನಡೆದಿದೆ, ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ, ಹಣ ಹಾಕಿ ಎಂದು ಗದರಿಸುತ್ತಾನೆ. ಓದಿದವರೂ, ದೊಡ್ಡ ಹುದ್ದೆಯಿಂದ ನಿವೃತ್ತರಾದವರೂ ಹೆದರಿ ಜೀವಮಾನದ ಗಳಿಕೆಯನ್ನು ಕಳೆದುಕೊಂಡಿದ್ದಾರೆ. ಇಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ೨೦೨೪ರ ಅಕ್ಟೋಬರಿನ 'ಮನ್ ಕೀ ಬಾತ್' ಬಾನುಲಿ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳೂ ಇದನ್ನೇ ಎತ್ತಿ ಹೇಳಿದರು. ಅಂಥ ಕರೆ ಬಂದರೆ ಕಡಿದುಹಾಕಿರಿ. ಮನೆಯವರನ್ನು ಕೂಗಿ ಕರೆಯಿರಿ. ಹಣ ಹೋದುದು ತಿಳಿದ ಕೂಡಲೆ ೧೯೩೦ಕ್ಕೆ, ಎಂದರೆ ಒಂದು ಒಂಬತ್ತು ಮೂರು ಸೊನ್ನೆಗೆ, ಕರೆಮಾಡಿರಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ನಡುವೆಯೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ. ನಾಚಿಕೆಯಿಂದ ನಾಳೆಗೆ ಹಾಕಿದರೆ ನಾಳೆಗೆ ಏನೂ ಉಳಿದಿರದು.

ಕೊನೆಯದಾಗಿ 'ಫಾರ್ವರ್ಡ್' ಎಂಬ ಮಾತು. ಬಂದುದನ್ನು ಮುಂದಕ್ಕೆ ದಾಟಿಸುವುದು ಎಂದು ಅರ್ಥ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು; ತಾತ್ಕಾಲಿಕ ಗೇಟು ಇಳಿಸಲು ಸುಮಾರು ಒಂದು ವಾರ ಹಿಡಿಯಿತು. ಅಂಥ ದಿನಗಳಲ್ಲಿ ಕಂಪ್ಲಿಯ ಹೊಳೆದಂಡೆಯವರಿಗೆ ಬೇಕಾದುದು ನೀರೆಷ್ಟು ಬಿಟ್ಟಿದ್ದಾರೆ, ಯಾವಾಗ ಬಿಟ್ಟಿದ್ದಾರೆ ಎಂಬ ಖಚಿತವಾದ ಮಾತು. ರೇಡಿಯೋ ವಾರ್ತೆಗೆ ನಿಲಯವೊಂದರ ಹೆಸರುಂಟು, ಹೊಣೆಯುಂಟು. ದಾಟಿಬಂದ ಸಂದೇಶಕ್ಕೆ ಬರೆದವನ ಹೆಸರಿಲ್ಲ, ತಾರೀಖಿಲ್ಲ. ಆದರೆ ನೀವು ದಾಟಿಸಿದ ಮೇಲೆ ನಿಮ್ಮ ಹೆಸರು ಅದಕ್ಕೆ ಅಂಟುತ್ತದೆ. ಇಲ್ಲಿ ನಿಮ್ಮಿಂದ ಹೋಗುವುದು ಹಣವಲ್ಲ, ನಿಮ್ಮ ಮಾತಿನ ಬೆಲೆ. ಯಾರು ಹೇಳಿದರು, ಎಂದು ಹೇಳಿದರು ಎಂಬ ಎರಡಕ್ಕೆ ಉತ್ತರವಿಲ್ಲದ ಸುದ್ದಿಯನ್ನು ನಿಮ್ಮಲ್ಲಿಗೇ ನಿಲ್ಲಿ‌ಸಿರಿ.

ಇಷ್ಟನ್ನು ಓದಿ ಅಂತರ್ಜಾಲವೆಂದರೆ ಕಳ್ಳರ ಸಂತೆಯೆಂದು ಭಾವಿಸಬೇಕಾಗಿಲ್ಲ. ದೂರದ ಮಗನ ಮುಖ, ಹಳೆಯ ಗ್ರಂಥದ ಪುಟ, ನಾಳಿನ ಮಳೆಯ ಮುನ್ಸೂಚನೆ, ಕಚೇರಿಗೆ ಅಲೆಯದೆ ದೊರೆಯುವ ಪಹಣಿ, ಎಲ್ಲವೂ ಅದರಲ್ಲಿ ಬರುತ್ತವೆ. ಹೊಸಪೇಟೆಯ ಸಂತೆಗೆ ಹೋಗುವಾಗ ನಾವು ಸಂತೆಯನ್ನು ಬೈಯುವುದಿಲ್ಲ. ಹಣದ ಚೀಲವನ್ನು ಒಳಗಿನ ಜೇಬಿನಲ್ಲಿಟ್ಟು ಹೋಗುತ್ತೇವೆ. ನಮ್ಮ ಶಾಲೆಯ ಮಕ್ಕಳ ಬೆರಳು ಚುರುಕು. ಒತ್ತುವುದು ಅವರಿಗೆ ಬರುತ್ತದೆ. ಒತ್ತುವ ಮುನ್ನ ನಿಲ್ಲುವುದು ಹಿರಿಯರಿಗೆ ಬರುತ್ತದೆ. ಆದಕಾರಣ ಈ ವಾರ ಒಂದು ಸಂಜೆ, ಪ್ರದೇಶ ಸಮಾಚಾರ ಮುಗಿದ ಮೇಲೆ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅವನು ಒಂದೊಂದು ಗುಂಡಿಯನ್ನೂ ತೋರಿಸಲಿ. ಒಂದೊಂದಕ್ಕೂ ನೀವು 'ಬರುವುದೇನು, ಹೋಗುವುದೇನು?' ಎಂದು ಕೇಳಿರಿ. ಅವನಿಗೆ ಉತ್ತರ ತಿಳಿಯದ ಗುಂಡಿಯನ್ನು ತಿಳಿಯುವವರೆಗೆ ಇಬ್ಬರೂ ಒತ್ತಬೇಡಿರಿ.